ಮೂಲ ಕಾಣದ ಛಾಯೆ: ದಕ್ಷಿಣ ಕನ್ನಡದ ಸಾಹಿತ್ಯಭಾಷೆಯ ವಿಚಾರ

ಸಾಗರ ತಾಲ್ಲೂಕಿನ ಸಿಗಂದೂರಿನಲ್ಲಿ ಮಕರ ಸಂಕ್ರಾಂತಿಯ ಜಾತ್ರೆಗೆ ನೆರೆಯುವ ಜನರಲ್ಲಿ ಘಟ್ಟದ ಕೆಳಗಿನವರು ಬಹುಮಂದಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹಳ್ಳಿಗಳ ಮೇಲೆ ಹರಡಿದ ಬಳಿಕ ಈ ಕ್ಷೇತ್ರಕ್ಕೆ ಲಾಂಚಿನಲ್ಲಿ ದಾಟಿ ಬರಬೇಕಾಗಿದ್ದಿತು. 2025ನೆಯ ಜುಲೈ ತಿಂಗಳಲ್ಲಿ ಸೇತುವೆಯು ತೆರೆದ ಮೇಲೆ ಆ ತೊಡಕು ನೀಗಿತು. ಚೌಡೇಶ್ವರಿಯ ಸನ್ನಿಧಿಯಲ್ಲಿ ಸಾಲುಗಟ್ಟಿ ನಿಂತವರ ಮಾತಿಗೆ ಕಿವಿಗೊಟ್ಟರೆ ತುಳು, ಕೊಂಕಣಿ, ಕುಂದಾಪುರದ ಕನ್ನಡ, ಹವ್ಯಕರ ಕನ್ನಡ ಇವೆಲ್ಲವೂ ಕೇಳಿಬರುವುವು. ಆದರೆ ಸೇವೆಯ ಚೀಟಿಯನ್ನು ಬರೆಸುವ ಹೊತ್ತಿಗೆ ಎಲ್ಲರ ನಾಲಗೆಯೂ ಒಂದೇ ಕನ್ನಡಕ್ಕೆ ತಿರುಗುವುದು. ಮನೆಯ ಮಾತು ಬೇರೆ, ಬರಹದ ಮಾತು ಬೇರೆ ಎಂಬ ಈ ನಡೆ ಘಟ್ಟದ ಕೆಳಗಿನವರಿಗೆ ಹೊಸದಲ್ಲ, ಶತಮಾನಗಳಿಂದ ಬಂದುದು. ಈ ನಡೆಯಿಂದಲೇ ಅಲ್ಲಿ ಒಂದು ಸಾಹಿತ್ಯವು ಹುಟ್ಟಿ ಬೆಳೆದು ಕನ್ನಡಕ್ಕೆ ಕೀರ್ತಿಯನ್ನು ತಂದಿತು. ಆ ಸಾಹಿತ್ಯದ ಭಾಷೆ ಶುದ್ಧವಾದುದೆಂದು ಹೊಗಳುವುದು ವಾಡಿಕೆಯಾಗಿದೆ. ಆ ಶುದ್ಧಿಯು ಎಲ್ಲಿಂದ ಬಂದಿತು, ಅದಕ್ಕೆ ತೆತ್ತ ಬೆಲೆಯೇನು ಎಂಬ ವಿಚಾರವನ್ನು ಮಾತ್ರ ಹೊಗಳುವವರು ಎತ್ತುವುದು ಕಡಮೆ.

ಇಲ್ಲಿ ದಕ್ಷಿಣ ಕನ್ನಡವೆಂದರೆ ಇಂದಿನ ಕಿರಿದಾದ ಜಿಲ್ಲೆಯೆಂದು ತಿಳಿಯತಕ್ಕುದಲ್ಲ. 1799ರಲ್ಲಿ ಟಿಪ್ಪುವು ಮಡಿದ ಮೇಲೆ ಕಂಪೆನಿ ಸರ್ಕಾರದ ಕೈಸೇರಿ, ಥಾಮಸ್ ಮನ್ರೋ ಎಂಬವನು ಮೊದಲ ಕಲೆಕ್ಟರನಾಗಿ ಬಂದ ಕೆನರಾ ಪ್ರಾಂತದ ತೆಂಕಣ ಭಾಗವದು. 1862ರಲ್ಲಿ ಬಡಗಣ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಲು ತೆಂಕಣ ಭಾಗವು ಮದರಾಸಿಗೇ ಉಳಿಯಿತು. 1956ನೆಯ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ಸೇರಿತು. ಅದರ ಕಾಸರಗೋಡು ತಾಲ್ಲೂಕು ಮಾತ್ರ ಕೇರಳದ ಪಾಲಾಯಿತು. 1997ರಲ್ಲಿ ಉಡುಪಿಯು ಬೇರೆ ಜಿಲ್ಲೆಯಾಯಿತು. ಆ ಹಳೆಯ ಜಿಲ್ಲೆಯ ನಡುವಣ ನಾಡಿನ ಮಾತು ತುಳು. ಬಡಗಣ ಕುಂದಾಪುರದ್ದು ಅಲ್ಲಿಯದೇ ಆದ ಕನ್ನಡ. ತೆಂಕಣ ತುದಿಯದು ಮಲೆಯಾಳ. ಗೌಡಸಾರಸ್ವತರ ಮತ್ತು ಮಂಗಳೂರಿನ ಕೆಥೋಲಿಕ ಕ್ರೈಸ್ತರ ಮನೆಗಳಲ್ಲಿ ಕೊಂಕಣಿ, ಬ್ಯಾರಿಗಳೆಂಬ ಮುಸಲ್ಮಾನರಲ್ಲಿ ಬ್ಯಾರಿ ಭಾಷೆ, ಸುಳ್ಯದ ಗೌಡರಲ್ಲಿ ಅರೆಭಾಷೆ, ಹವ್ಯಕರಲ್ಲಿ ಹವ್ಯಕ ಕನ್ನಡ, ಕಾಡಂಚಿನ ಕೊರಗರಲ್ಲಿ ಅವರದೇ ಆದ ನುಡಿ. ಒಂದೇ ಸಂತೆಯಲ್ಲಿ ನಾಲ್ಕು ಭಾಷೆಗಳಲ್ಲಿ ಚೌಕಾಶಿ ನಡೆಯುವ ನಾಡು ಅದು.

ಇಂತಹ ನಾಡಿನಲ್ಲಿ ಬರಹಕ್ಕೆ ಕನ್ನಡವೇ ಏಕೆ ನಿಂತಿತು? ಇದು ಬಿಳಿಯರು ಹೇರಿದ ಹೊರೆಯೆಂದು ಹೇಳುವವರು ಶಾಸನಗಳನ್ನು ನೋಡತಕ್ಕುದು. ಅಳುಪರ ಕಾಲದಿಂದಲೂ ಆ ನೆಲದ ಕಲ್ಬರಹಗಳಲ್ಲಿ ಬಹುಪಾಲು ಕನ್ನಡದವು. ತುಳು ಶಾಸನಗಳು ಬೆರಳೆಣಿಕೆಯಷ್ಟು. ತುಳುವಿಗೆ ಲಿಪಿ ಇರಲಿಲ್ಲವೆಂದಲ್ಲ. ತಿಗಳಾರಿ ಎಂದು ಹೆಸರಾದ ಆ ಲಿಪಿಯಲ್ಲಿ ಬರೆದ ಓಲೆಗರಿಯ ಕಟ್ಟುಗಳು ಮಲೆನಾಡಿನ ಹವ್ಯಕರ ಮನೆಗಳಲ್ಲಿಯೂ ದೊರೆಯುತ್ತವೆ. ಆದರೆ ಅವುಗಳಲ್ಲಿ ಇರುವುದು ಬಹುತರ ಸಂಸ್ಕೃತವೇ. ದೇವರಿಗೆ ಸಂಸ್ಕೃತ, ಅರಸನಿಗೆ ಕನ್ನಡ, ಮನೆಗೆ ತುಳು ಎಂಬ ಪಾಲುಪಟ್ಟಿಯು ಬಹಳ ಹಿಂದೆಯೇ ಆಗಿಹೋಗಿದ್ದಿತು. ಸಾಗರದ ನೆರೆಯ ಕೆಳದಿ ಇಕ್ಕೇರಿಗಳಿಂದ ಹೊರಟ ನಾಯಕರು ಘಟ್ಟದ ಮೇಲನ್ನೂ ಕರಾವಳಿಯನ್ನೂ ಒಂದೇ ಆಳ್ವಿಕೆಯಲ್ಲಿ ತಂದು, ಕನ್ನಡದ ಕಡತಗಳಲ್ಲಿ ಲೆಕ್ಕವಿರಿಸಿದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ಮಲೆನಾಡಿನಲ್ಲಿ ಇಂದಿಗೂ ಗಾದೆಯ ಮಾತಾಗಿದೆ. ಮನ್ರೋ ಬಂದಾಗ ಅವನ ಮುಂದೆ ಬಿಚ್ಚಿಟ್ಟ ಕಡತಗಳ ಭಾಷೆಯೂ ಕನ್ನಡವೇ. ಆದುದರಿಂದ ಘಟ್ಟದ ಕೆಳಗೆ ಕನ್ನಡವು ಬರಹದ ಮಾತಾಗಿ ನೆಲೆನಿಂತುದರಲ್ಲಿ ಈ ಸೀಮೆಯ ಪಾಲೂ ಉಂಟು. ಅದರ ಲಾಭನಷ್ಟಗಳ ವಿಚಾರವು ಈ ಸೀಮೆಯವರಿಗೆ ಪರರ ಮನೆಯ ವಿಚಾರವಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಈ ಪಾಲುಪಟ್ಟಿಯನ್ನು ಅಚ್ಚಿಗೆ ಇಳಿಸಿದರು. 1843ನೆಯ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವೃತ್ತಪತ್ರಿಕೆ, ಅದು ಅಚ್ಚಾದ ಊರಿನ ಬೀದಿಯ ಮಾತಾದರೋ ತುಳು ಮತ್ತು ಕೊಂಕಣಿ. ಮಿಶನಿನವರು ತುಳುವನ್ನು ಉಪೇಕ್ಷಿಸಿದರೆಂದು ಹೇಳಲಾಗದು. ಬ್ರಿಗೆಲ್ ಬರೆದ ತುಳು ವ್ಯಾಕರಣವು 1872ರಲ್ಲಿ, ಮ್ಯಾನರ್ ರಚಿಸಿದ ತುಳು ನಿಘಂಟು 1886ರಲ್ಲಿ ಹೊರಬಂದುವು. ಕಿಟ್ಟೆಲರ ಕನ್ನಡ ನಿಘಂಟು ಬಂದುದು 1894ರಲ್ಲಿ. ಆದರೆ ತುಳು ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿದುದರಿಂದ ತುಳುವನ್ನು ಓದಬೇಕಾದವನು ಮೊದಲು ಕನ್ನಡದ ಅಕ್ಷರವನ್ನು ಕಲಿಯಬೇಕಾಯಿತು; ಕಲಿತವನು ಕನ್ನಡದಲ್ಲಿಯೇ ಬರೆದನು.

ಈ ಸಾಹಿತ್ಯವನ್ನು ಅಳೆಯಲು ದೂರದ ಕೋಲನ್ನು ತರಬೇಕಾದುದಿಲ್ಲ. ಸಂಸ್ಕೃತ ನಾಟಕವೇ ಸಾಕು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪಾತ್ರಕ್ಕೆ ತಕ್ಕ ಭಾಷೆಯನ್ನು ವಿಧಿಸಿದ್ದಾನೆ. ರಾಜನು ಸಂಸ್ಕೃತವನ್ನಾಡಿದರೆ ನಾಯಿಕೆಯು ಶೌರಸೇನಿಯನ್ನಾಡುವಳು. ಶಾಕುಂತಲದ ಆರನೆಯ ಅಂಕದಲ್ಲಿ ಉಂಗುರದೊಡನೆ ಸಿಕ್ಕಿಬಿದ್ದ ಬೆಸ್ತನು ಮಾಗಧಿಯಲ್ಲಿ ತನ್ನ ಅಳಲನ್ನು ತೋಡಿಕೊಳ್ಳುವನು. ಮೃಚ್ಛಕಟಿಕದಲ್ಲಂತೂ ಪ್ರಾಕೃತಗಳ ಸಂತೆಯೇ ನೆರೆದಿದೆ. ಬ್ರಾಹ್ಮಣನಾದ ವಿದೂಷಕನೂ ಪ್ರಾಕೃತವನ್ನೇ ಆಡುವನು. ಓದುಗನಿಗೆ ಕಷ್ಟವಾಗದಿರಲೆಂದು ಪ್ರಾಕೃತದ ಸಾಲಿನ ಕೆಳಗೆ ಅದರ ಸಂಸ್ಕೃತರೂಪವನ್ನು ಕೊಡುವ ಪದ್ಧತಿಯುಂಟು. ಅದಕ್ಕೆ ಛಾಯೆಯೆಂದು ಹೆಸರು. ಮೂಲವು ಮೇಲೆ, ಛಾಯೆಯು ಕೆಳಗೆ. ಪಾಠಶಾಲೆಯ ವಿದ್ಯಾರ್ಥಿಗಳು ಅವಸರದಲ್ಲಿ ಛಾಯೆಯನ್ನಷ್ಟೆ ಓದಿ ಮೂಲವನ್ನು ಬಿಡುವುದುಂಟು. ಹಾಗೆ ಓದಿದವನಿಗೆ ಶಕುಂತಲೆಯ ಮಾತು ದುಷ್ಯಂತನ ಮಾತಿನಂತೆಯೇ ಕೇಳಿಸುವುದು.

ದಕ್ಷಿಣ ಕನ್ನಡದ ಕನ್ನಡ ಸಾಹಿತ್ಯವು ಇಂತಹದೊಂದು ಛಾಯೆ. ಅದರ ಪಾತ್ರಗಳು ಆಡಿದ ಮಾತು ತುಳುವಿನದು, ಕೊಂಕಣಿಯದು, ಬ್ಯಾರಿಯದು. ಪುಟದಲ್ಲಿ ಅಚ್ಚಾಗಿರುವುದು ಅದರ ಕನ್ನಡ. ನಾಟಕದ ಪುಸ್ತಕಕ್ಕೂ ಇದಕ್ಕೂ ಇರುವ ಭೇದವಿಷ್ಟೆ: ಇಲ್ಲಿ ಮೇಲಿನ ಸಾಲನ್ನು ಅಚ್ಚು ಮಾಡಿಲ್ಲ.

ಮೊದಲು ನಂದಳಿಕೆಯ ಮುದ್ದಣನನ್ನು ತೆಗೆದುಕೊಳ್ಳಬಹುದು. 1870ರಲ್ಲಿ ಕಾರ್ಕಳ ತಾಲ್ಲೂಕಿನ ತುಳು ಮಾತಿನ ನೆಲದಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಹೋದ ಈ ಕವಿಯು ತನ್ನ ಕೃತಿಗಳನ್ನು ಪ್ರಾಚೀನರ ಗ್ರಂಥಗಳೆಂಬಂತೆ ಪ್ರಕಟನೆಗೆ ಕಳುಹಿದನು. ‘ರಾಮಾಶ್ವಮೇಧ’ದ ಜೀವವಿರುವುದು ರಾಮನ ಕಥೆಯಲ್ಲಿ ಅಲ್ಲ, ಅದನ್ನು ಹೇಳುವ ಮುದ್ದಣನಿಗೂ ಕೇಳುವ ಮನೋರಮೆಗೂ ನಡೆಯುವ ಸರಸಸಂಭಾಷಣೆಯಲ್ಲಿ. ಮಳೆಗಾಲ, ಮನೆ, ಹೆಂಡತಿ, ಕೊಂಕು, ನಗು ಎಲ್ಲವೂ ನಿಜವಾದ ಸಂಸಾರದವು. ಭಾಷೆಯೊಂದು ಮಾತ್ರ ಯಾವ ಸಂಸಾರದಲ್ಲಿಯೂ ಇದ್ದುದಲ್ಲ. ಆ ಕಾಲದಲ್ಲಿ ಹಳಗನ್ನಡವನ್ನು ಅಡುಗೆಮನೆಯಲ್ಲಿ ಆಡುವ ದಂಪತಿಗಳು ನಂದಳಿಕೆಯಲ್ಲಿಯೂ ಇಲ್ಲ, ಮೈಸೂರಿನಲ್ಲಿಯೂ ಇಲ್ಲ. ಹಾಗಿದ್ದರೂ ಆ ಮಾತು ಸುಳ್ಳೆನಿಸುವುದಿಲ್ಲ. ಏತಕ್ಕೆಂದರೆ ಕವಿಯು ಅದನ್ನು ಆಟವೆಂದೇ ಆಡಿದ್ದಾನೆ. ಸಂಸ್ಕೃತ ಹೆಚ್ಚಾಯಿತೆಂದು ಮನೋರಮೆಯೇ ಅವನನ್ನು ತಡೆದು ಕೇಳುವಳು. ಭಾಷೆಯ ಆಯ್ಕೆಯು ಗಂಡಹೆಂಡಿರ ನಡುವಿನ ವಿನೋದವಾಗಿ ಕೃತಿಯ ಒಳಕ್ಕೇ ಬಂದಿದೆ. ಮನೆಮಾತು ಬೇರೆಯಾಗಿರುವ ಸೀಮೆಯ ಕವಿಗೆ ಇದು ಸಹಜವಾಗಿ ಹೊಳೆಯತಕ್ಕ ಉಪಾಯ.

ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಸುತ್ತಲಿನದು ತುಳು, ಬರೆದುದು ಕನ್ನಡ. ಅವರು ಉಪಾಧ್ಯಾಯರಾಗಿ, ಶಾಲೆಗಳ ಪರೀಕ್ಷಕರಾಗಿ ದುಡಿದವರು. ಅವರ ಮುಂದೆ ಕುಳಿತ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಶಾಲೆಯ ಹೊಸ್ತಿಲು ದಾಟಿದ ಮೇಲೆ ಕಲಿತವರು. ಪಂಜೆಯವರ ಮಕ್ಕಳ ಪದ್ಯಗಳಲ್ಲಿರುವ ಪ್ರಸಾದಗುಣಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಅರ್ಥವು ತಿಳಿಯುವ ಮುನ್ನವೇ ಕಿವಿಗೆ ಹಿಡಿಸುವ ನಾದ, ಚಿಕ್ಕ ಚಿಕ್ಕ ಪದ, ಕುಣಿಯುವ ಲಯ ಇವು ಬರಿಯ ಕವಿಸಹಜವಾದ ಗುಣಗಳಲ್ಲ. ಪರಭಾಷೆಯ ಮಗುವನ್ನು ಕನ್ನಡಕ್ಕೆ ಕರೆತರುವ ಗುರುವಿನ ಜಾಣ್ಮೆ. ಕನ್ನಡ ನಾಡಿನ ಎಲ್ಲ ಮಕ್ಕಳಿಗೂ ಆ ಪದ್ಯಗಳು ರುಚಿಸಿದುದು ಆ ಜಾಣ್ಮೆಯ ಫಲ. ಅವರು ಮಾಡಿದ ಇನ್ನೊಂದು ಕಾರ್ಯವು ಈ ವಿಚಾರಕ್ಕೆ ಹೆಚ್ಚು ಮುಖ್ಯವಾದುದು. ತುಳು ಪಾಡ್ದನಗಳಲ್ಲಿ ಹಾಡಿಕೊಂಡು ಬಂದ ಅವಳಿ ವೀರರ ಕಥೆಯನ್ನು ಅವರು ‘ಕೋಟಿ ಚೆನ್ನಯ’ ಎಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದರು. ಮೂಲವು ತುಳುವಿನಲ್ಲಿದೆಯೆಂಬುದನ್ನು ಅಲ್ಲಿ ಮರೆಸಿಲ್ಲ. ಛಾಯೆಯನ್ನು ಛಾಯೆಯೆಂದೇ ಕೊಟ್ಟ ಪ್ರಾಮಾಣಿಕತೆಯು ಮುಂದಿನವರಿಗೆ ಮೇಲ್ಪಂಕ್ತಿಯಾಗಬೇಕಾಗಿದ್ದಿತು, ಆದುದು ಅಲ್ಪ.

ಮಂಜೇಶ್ವರದ ಗೋವಿಂದ ಪೈಗಳದು ಬೇರೆಯ ಬಗೆ. ಅವರ ಮನೆಯೂ ಕೊಂಕಣಿಯದು. 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯತೊಡಗಿ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೋರಿದವರು ಇವರು. ಹುಟ್ಟಿನಿಂದ ಬಂದ ಭೂಮಿಯ ಎಲ್ಲೆಗಳನ್ನು ಅಳೆದು ನೋಡುವವರು ಕಡಮೆ. ಕ್ರಯಕ್ಕೆ ಕೊಂಡವನು ಒಂದೊಂದು ಗಡಿಗಲ್ಲನ್ನೂ ಮುಟ್ಟಿ ನೋಡುವನು. ಕನ್ನಡದ ಸಾವಿರ ವರ್ಷದ ಕಟ್ಟಳೆಯೊಂದನ್ನು ಮೊದಲು ಪ್ರಶ್ನಿಸಿದವರು ಕನ್ನಡವನ್ನು ಓದಿ ಆರಿಸಿಕೊಂಡವರಾಗಿದ್ದುದು ಆಕಸ್ಮಿಕವಲ್ಲ. ಆದರೆ ಇದೇ ಕಾರಣದಿಂದ ಬಂದ ದೋಷವನ್ನೂ ಹೇಳಬೇಕು. ಕ್ರಿಸ್ತನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಕೊನೆಯ ದಿನವನ್ನು ಕುರಿತ ‘ವೈಶಾಖಿ’ಯಲ್ಲಿಯೂ ಪದಗಳು ಕೋಶದಿಂದ ಎದ್ದು ಬಂದಂತೆ ತೋರುವುವು. ಘನತೆಯುಂಟು, ಉಸಿರಿನ ಬಿಸಿ ಕಡಮೆ. ಬೀದಿಯ ಕನ್ನಡವು ಬಗಲಲ್ಲಿ ಇದ್ದಿದ್ದರೆ ಅದು ಕವಿಯ ಕೈಯನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸುತ್ತಿತ್ತು. ಮಂಜೇಶ್ವರದ ಬೀದಿಯಲ್ಲಿ ಅಂತಹ ಕನ್ನಡ ಇರಲಿಲ್ಲ. ಹಾಗಿದ್ದರೂ ಕೊಂಕಣಿಯನ್ನಾಡುವ ವೈಷ್ಣವರ ಮನೆಯ ಕವಿಯೊಬ್ಬನು ತನ್ನ ನೆರೆಯ ಕೊಂಕಣಿ ಕ್ರೈಸ್ತರ ದೇವರನ್ನು ಕುರಿತು ಹಾಡಲು ಇಬ್ಬರ ಮನೆಯದೂ ಅಲ್ಲದ ಕನ್ನಡವನ್ನು ಹಿಡಿದುದರಲ್ಲಿ ಒಂದು ಔಚಿತ್ಯವಿದೆ. ಯಾರ ಮನೆಯದೂ ಅಲ್ಲದ ಜಗಲಿಯಲ್ಲಿ ಎಲ್ಲರೂ ಕುಳಿತುಕೊಳ್ಳಬಹುದು.

ಈ ಜಗಲಿಯ ಪಂಚಾಯತಿಕೆಗೆ ಬರಲಾರದವನೊಬ್ಬನಿದ್ದನು. ಅವನ ಕಥೆಯನ್ನು 1933ರಲ್ಲಿ ಕೋಟದ ಶಿವರಾಮ ಕಾರಂತರು ಬರೆದರು. ‘ಚೋಮನ ದುಡಿ’ಯ ಚೋಮನು ಅಸ್ಪೃಶ್ಯನೆನಿಸಿಕೊಂಡ ಜೀತದ ಆಳು, ತುಂಡು ಭೂಮಿಯನ್ನು ಹಿಡಿದು ತಾನೇ ಸಾಗುವಳಿ ಮಾಡಬೇಕೆಂಬ ಆಸೆಯೊಂದೇ ಅವನಿಗೆ. ಎತ್ತುಗಳಿವೆ, ಉಳಲು ನೆಲವಿಲ್ಲ. ಒಡೆಯನ ಮನೆಯ ಅಂಗಳದಲ್ಲಿ ಕೇಳಿ ನೋಡಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಂಡು, ಕಡೆಗೆ ಬಾಗಿಲು ಮುಚ್ಚಿ ದುಡಿಯನ್ನು ಬಾರಿಸುತ್ತ ಅವನು ಸಾಯುವನು. ಅವನಂತಹರು ತುಳುನಾಡಿನಲ್ಲಿ ಆಡುವ ಮಾತು ತುಳು. ಕಾದಂಬರಿಯಲ್ಲಿ ಅವನು ಆಡುವುದು ಕನ್ನಡ. ಭರತನ ವಿಧಿಯಂತೆ ನೋಡಿದರೆ ಇದು ಅನೌಚಿತ್ಯ; ಕಾಳಿದಾಸನ ಬೆಸ್ತನಿಗೆ ದೊರೆತ ಸ್ವಭಾಷೆಯು ಚೋಮನಿಗೆ ದೊರೆಯಲಿಲ್ಲ.

ಹೀಗೆಂದು ಕೃತಿಯನ್ನು ತಳ್ಳಿಬಿಡುವುದು ಅವಸರದ ತೀರ್ಪಾದೀತು. ಚೋಮನು ಒಡೆಯನ ಮುಂದೆ ಆಡುವ ಮಾತು ಎಷ್ಟು ಕಡಮೆಯೆಂಬುದನ್ನು ಗಮನಿಸತಕ್ಕುದು. ಅವನ ಸಂತೋಷ, ಸಿಟ್ಟು, ಕುಡಿತ, ದುಃಖ ಎಲ್ಲವೂ ಹೊರಡುವುದು ದುಡಿಯ ದನಿಯಲ್ಲಿ. ದುಡಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ಅದಕ್ಕೆ ಛಾಯೆ ಬೇಡ. ತನ್ನ ಪಾತ್ರದ ನಾಲಗೆಯನ್ನು ಪುಟಕ್ಕೆ ತರಲಾರದ ಲೇಖಕನು ಆ ಪಾತ್ರಕ್ಕೆ ನಾಲಗೆಯ ಬದಲು ವಾದ್ಯವನ್ನು ಕೊಟ್ಟನು. ಆನಂದವರ್ಧನನು ಧ್ವನಿಯೆಂದು ಕರೆದುದು ಇಂತಹ ಎಡೆಗಳನ್ನೇ. ವಾಚ್ಯವು ನಿಂತಲ್ಲಿ ವ್ಯಂಗ್ಯವು ತೊಡಗುವುದು. ಕಾರಂತರ ಮನೆಯ ಮಾತು ಕೋಟದ ಕನ್ನಡ. ಅವರು ಬಹುಕಾಲ ಬಾಳಿದುದು ತುಳು ನೆಲವಾದ ಪುತ್ತೂರಿನಲ್ಲಿ. ಆ ಎರಡು ಮಾತುಗಳ ನಡುವಿನ ಮೌನವನ್ನು ಬಲ್ಲವರಿಗೆ ಮಾತ್ರ ಆ ಕೊನೆಯ ದೃಶ್ಯವು ಸಾಧ್ಯ. ಮೂಲದ ಅಭಾವವನ್ನೇ ರಸಕ್ಕೆ ಕಾರಣವಾಗಿ ಮಾಡಿದ ಈ ಕೃತಿಯು ಜಿಲ್ಲೆಯ ಕನ್ನಡದ ಶ್ರೇಷ್ಠ ಫಲಗಳಲ್ಲಿ ಒಂದು. ಶರಾವತಿಯ ನೀರು ಬೇಸಗೆಯಲ್ಲಿ ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಕಾಣುವಂತೆ ಭೂತ, ಕೋಲ, ಕಂಬಳ, ಗುತ್ತು ಎಂಬ ತುಳುನಾಡಿನ ಮಾತುಗಳು ಈ ಜಿಲ್ಲೆಯ ಗದ್ಯದಲ್ಲಿ ಅಲ್ಲಲ್ಲಿ ತಲೆಯೆತ್ತುವುವು. ಬೊಡ್ಡೆಯನ್ನು ಕಂಡು ಕಾಡನ್ನು ಊಹಿಸುವ ಕೆಲಸವು ಓದುಗನಿಗೆ ಬಿಟ್ಟುದು.

ಬರಹದಿಂದ ರಂಗಕ್ಕೆ ಬಂದರೆ ಇದೇ ವಿಷಯವು ಇನ್ನೊಂದು ಮುಖದಿಂದ ಕಾಣುವುದು. ಯಕ್ಷಗಾನದ ವೇಷಧಾರಿಯು ಚೌಕಿಯಲ್ಲಿ ಬಣ್ಣ ಹಚ್ಚುವಾಗ ತುಳುವಿನಲ್ಲಿ ಮಾತನಾಡುತ್ತಿದ್ದು, ರಂಗಸ್ಥಳಕ್ಕೆ ಬಂದೊಡನೆ ಇಂಗ್ಲಿಷಿನ ಒಂದು ಪದವೂ ನುಸುಳದ ಕನ್ನಡದಲ್ಲಿ ಬರೆದಿಟ್ಟುಕೊಳ್ಳದೆ ಇರುಳೆಲ್ಲ ವಾದ ಹೂಡುವನು. ಶಾಲೆಯನ್ನು ನಾಲ್ಕು ದಿನವೂ ಕಾಣದ ಕಲಾವಿದರು ಕರ್ಣನಾಗಿ, ಭೀಷ್ಮನಾಗಿ ಆಡಿದ ಮಾತನ್ನು ಪಂಡಿತರು ತಲೆದೂಗಿ ಕೇಳಿದ್ದುಂಟು. ಆಡುನುಡಿಗೆ ಎಡೆಯಿರುವುದು ಬಹುಮಟ್ಟಿಗೆ ಹಾಸ್ಯಗಾರನ ಬಾಯಲ್ಲಿ. ಇದು ಸಂಸ್ಕೃತ ನಾಟಕದ ಏರ್ಪಾಡೇ ಸರಿ. ದೇವರು ಅರಸರು ಶಿಷ್ಟಭಾಷೆಯವರು, ವಿದೂಷಕನು ಪ್ರಾಕೃತದವನು. ಆದರೆ ಶಕುಂತಲೆಯೂ ಪ್ರಾಕೃತದವಳಾಗಿದ್ದಳು ಎಂಬುದನ್ನು ಮರೆಯಲಾಗದು. ನಗೆಗೆ ಮಾತ್ರ ಮನೆಮಾತು, ಗಾಂಭೀರ್ಯಕ್ಕೆ ಕಲಿತ ಮಾತು ಎಂದು ಪಾಲುಮಾಡಿದರೆ ಮನೆಮಾತು ಕ್ರಮೇಣ ನಗೆಪಾಟಲಿಗೆ ಈಡಾಗುವುದು. ಬಾಯಾರಿನ ಸಂಕಯ್ಯ ಭಾಗವತರು 1887ರಲ್ಲಿಯೇ ‘ಪಂಚವಟಿ’ಯನ್ನು ತುಳು ಯಕ್ಷಗಾನವಾಗಿ ರಚಿಸಿ, ರಾಮಸೀತೆಯರೂ ತುಳುವಿನಲ್ಲಿ ಮಾತನಾಡಬಲ್ಲರೆಂದು ತೋರಿಸಿದರು.

ಇಲ್ಲಿ ಇಬ್ಬರು ಪೂರ್ವಪಕ್ಷಿಗಳು ಎದುರುಬದುರಾಗಿ ನಿಲ್ಲುವರು. ತುಳುವಿನ ಅನ್ನವನ್ನು ಉಂಡು ಕನ್ನಡವು ಕೊಬ್ಬಿತು, ಈ ಲೇಖಕರೆಲ್ಲ ತಾಯಿಯನ್ನು ಬಿಟ್ಟು ದಾದಿಯನ್ನು ಪೂಜಿಸಿದರು ಎಂದು ಒಬ್ಬನು ಹೇಳುವನು. ತುಳುವಿನಲ್ಲಿ ಸಾಹಿತ್ಯವೆಲ್ಲಿತ್ತು, ಬರೆಯಬಲ್ಲವರು ಬರೆಯಬಲ್ಲ ಭಾಷೆಯಲ್ಲಿ ಬರೆದರು, ಇದರಲ್ಲಿ ಕೊರತೆಯೇನು ಎಂದು ಇನ್ನೊಬ್ಬನು ಹೇಳುವನು.

ಎರಡನೆಯವನಿಗೆ ಮೊದಲು ಉತ್ತರ. ತುಳುವಿನಲ್ಲಿ ಸಾಹಿತ್ಯವಿರಲಿಲ್ಲವೆಂಬುದು ಹುಡುಕದವರ ಮಾತು. ಕಾಸರಗೋಡು ಸೀಮೆಯ ವೆಂಕಟರಾಜ ಪುಣಿಂಚತ್ತಾಯರು ಹಳೆಯ ಓಲೆಗಳಿಂದ ವಿಷ್ಣುತುಂಗನ ‘ಶ್ರೀ ಭಾಗವತೊ’, ಅರುಣಾಬ್ಜನ ‘ಮಹಾಭಾರತೊ’ ಮೊದಲಾದ ಕಾವ್ಯಗಳನ್ನು ಬೆಳಕಿಗೆ ತಂದರು. ಎಸ್. ಯು. ಪಣಿಯಾಡಿಯವರು 1928ರಲ್ಲಿ ಉಡುಪಿಯಲ್ಲಿ ತುಳುವ ಮಹಾಸಭೆಯನ್ನು ಸ್ಥಾಪಿಸಿ, 1936ರಲ್ಲಿ ‘ಸತಿ ಕಮಲೆ’ಯೆಂಬ ತುಳು ಕಾದಂಬರಿಯನ್ನು ಹೊರತಂದರು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ ಪಾಡ್ದನಗಳು ಬದುಕಿದ್ದುವು. ಗೋಪಾಲ ನಾಯ್ಕರು ಹಾಡಿದ ಸಿರಿಯ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು 1990ರಲ್ಲಿ ದಾಖಲೆ ಮಾಡಿಕೊಂಡರು. 1998ರಲ್ಲಿ ಅದು ಅಚ್ಚಾದಾಗ ಅದರ ಸಾಲುಗಳ ಸಂಖ್ಯೆ 15,683. ಅಲ್ಲಿ ಮೂಲವೂ ಛಾಯೆಯೂ ಜೊತೆಯಾಗಿಯೇ ಇವೆ. ಛಾಯೆಯು ಮಾತ್ರ ಇಂಗ್ಲಿಷಿನದು. ನೆರೆಯಲ್ಲಿಯೇ ಇದ್ದ ಕನ್ನಡವು ಈ ಗೌರವವನ್ನು ಪರದೇಶದವರಿಗೆ ಬಿಟ್ಟುಕೊಟ್ಟುದು ನಾಚಿಕೆಯ ಸಂಗತಿ.

ಮೊದಲನೆಯವನಿಗೆ ಸಮಾಧಾನವಿಷ್ಟು. ದಾದಿಯೆಂದು ಕರೆಸಿಕೊಂಡ ಕನ್ನಡಕ್ಕಾಗಿ ಆ ಲೇಖಕರು ತೆತ್ತ ಬೆಲೆಯು ಬಾಯಿಮಾತಿನದಲ್ಲ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ತುಳುವಿನಲ್ಲಿಯೂ ಬರೆದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಕನ್ನಡಕ್ಕಾಗಿ ಎದ್ದು ನಿಂತವರಲ್ಲಿ ಅವರು ಮೊದಲಿಗರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರಿಗೆ ಸೇರಬೇಕೆಂದು ಹೇಳಿತು. ಅದು ಕಾಗದದಲ್ಲಿಯೇ ಉಳಿಯಿತು. ಬಾಳಿನ ಕಡೆಯವರೆಗೂ ಅವರು ಆ ಆಸೆಯನ್ನು ಬಿಡಲಿಲ್ಲ. ತಾಯ್ನುಡಿಯು ಬೇರೆಯಾಗಿದ್ದೂ ಕನ್ನಡಕ್ಕಾಗಿ ಇಷ್ಟು ಕಾಲ ಕಾದ ಜನರನ್ನು ತಾಯಿಗೆ ದ್ರೋಹ ಬಗೆದವರೆಂದು ಕರೆಯಲಾಗದು. ಅವರಿಗೆ ಎರಡು ಭಾಷೆಗಳೂ ಬೇಕಾಗಿದ್ದುವು. ಹದಿನಾರನೆಯ ಶತಮಾನದ ಮೂಡಬಿದಿರೆಯ ರತ್ನಾಕರವರ್ಣಿಯು ‘ಭರತೇಶ ವೈಭವ’ದ ಆದಿಯಲ್ಲಿ ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಭಾಷೆಯಲ್ಲಿಯೇ ತನ್ನ ಕಾವ್ಯವನ್ನು ಮೆಚ್ಚಬೇಕೆಂದು ಬಯಸಿದನು. ಕಾವ್ಯವು ಕನ್ನಡದ್ದು, ಮೆಚ್ಚಿಗೆಯ ಉದ್ಗಾರವು ಅವರವರ ಮನೆಯದು. ಕೊರತೆಯಿರುವುದು ಈ ಲೇಖಕರ ನಿಷ್ಠೆಯಲ್ಲಿ ಅಲ್ಲ. ಅವರ ಕನ್ನಡವನ್ನು ಶುದ್ಧವೆಂದು ಹೊಗಳಿ, ಅದರ ಹಿಂದಿನ 18 ಲಕ್ಷ 46 ಸಾವಿರ ಜನರ ಮಾತನ್ನು ಕೇಳಿಸಿಕೊಳ್ಳದ ಓದುಗರಲ್ಲಿ. 2011ರ ಜನಗಣತಿಯಲ್ಲಿ ತುಳುವನ್ನು ತಮ್ಮ ಭಾಷೆಯೆಂದು ಬರೆಸಿದವರ ಲೆಕ್ಕವಿದು.

ಶುದ್ಧವೆಂಬ ಹೊಗಳಿಕೆಯಲ್ಲಿ ಇನ್ನೊಂದು ತಪ್ಪೂ ಅಡಗಿದೆ. ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡದೊಳಗಿನ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಸಾವಿರ ನಾಲಗೆಯ ವಾಸುಕಿಯೂ ಅವನ್ನು ಅರಿತು ಮುಗಿಸಲಾರನೆಂದು ಹೇಳಿದ್ದಾನೆ. ಕನ್ನಡಕ್ಕೆ ಒಂದೇ ನಾಲಗೆಯೆಂಬುದು ಕನ್ನಡದ ಮೊದಲ ಲಾಕ್ಷಣಿಕ ಗ್ರಂಥಕ್ಕೇ ಸಮ್ಮತವಲ್ಲ. ಮನೆಮಾತಿನಿಂದ ದೂರವಾದುದೇ ಶುದ್ಧವೆಂದರೆ ಯಾರ ಮನೆಯಲ್ಲಿಯೂ ಆಡದ ಭಾಷೆಯೇ ಅತಿ ಶುದ್ಧವೆಂದು ಒಪ್ಪಬೇಕಾಗುವುದು.

ಮುಂದಿನ ತಲೆಮಾರಿನವರು ಮೇಲಿನ ಸಾಲನ್ನು ಪುಟಕ್ಕೆ ತರತೊಡಗಿದರು. ಕುಂದಾಪುರದ ವೈದೇಹಿಯವರು ತಮ್ಮ ಕಥೆಗಳ ಹೆಂಗಸರಿಗೆ ಕುಂದಾಪುರದ ಕನ್ನಡವನ್ನೇ ಕೊಟ್ಟರು. ಒಳಮನೆಯಲ್ಲಿ ಪಿಸುಗುಟ್ಟಿದ ಮಾತು ಆ ಮಾತಿನಲ್ಲಿಯೇ ಅಚ್ಚಾಯಿತು. ಅವರಿಗೆ ಸೌಕರ್ಯವೊಂದಿತ್ತು: ಅವರ ಮನೆಮಾತೂ ಕನ್ನಡವೇ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕರರಿಗೆ ಆ ಸೌಕರ್ಯವಿರಲಿಲ್ಲ. ಮಲೆಯಾಳದ ಮನೆಯಿಂದ ಬಂದು ಕನ್ನಡ ಶಾಲೆಯಲ್ಲಿ ಓದಿದ ಅವರು ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯಲ್ಲಿ ನಾದಿರಾಳ ಕಥೆಯನ್ನು ಕನ್ನಡದಲ್ಲಿ ಹೇಳಿದರು. ತಂದೆಯ ಹಟದಿಂದ ತಲಾಖಿಗೆ ಸಿಕ್ಕಿ, ಮರಳಿ ಗಂಡನನ್ನು ಸೇರಲು ಮತ್ತೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆಗೆ ಎದುರಾಗಿ ಆ ಹೆಣ್ಣು ನೀರಿಗೆ ಬೀಳುವಳು. ಮನೆಯ ಒಳಗೆ ಆಡಲಾಗದ ಮಾತನ್ನು ಹೊರಗೆ ಆಡಲು ಹೊರಗಿನ ಭಾಷೆಯೇ ನೆರವಾದುದನ್ನು ಇಲ್ಲಿ ಕಾಣಬಹುದು. ಮನೆಮಾತಿನಲ್ಲಿ ಬರೆಯುವುದು ಯಾವಾಗಲೂ ಸ್ವಾತಂತ್ರ್ಯವಲ್ಲ. ಕೆಲವೊಮ್ಮೆ ಕಲಿತ ಭಾಷೆಯೇ ಬಾಗಿಲನ್ನು ತೆರೆಯುವುದು. ಛಾಯೆಗೂ ತನ್ನದೇ ಆದ ಸತ್ತ್ವವುಂಟು.

ಸಾಗರದ ನಾ. ಡಿಸೋಜರನ್ನು ನೆನೆಯದೆ ಈ ವಿಚಾರವನ್ನು ಮುಗಿಸಲಾಗದು. 1937ರಲ್ಲಿ ಹುಟ್ಟಿ 2025ನೆಯ ಜನವರಿಯಲ್ಲಿ ತೀರಿಕೊಂಡ ಅವರ ಮನೆಮಾತು ಕೊಂಕಣಿ. ಶರಾವತಿಯ ಮುಳುಗಡೆಯ ದುಃಖವನ್ನು ‘ದ್ವೀಪ’ ಮೊದಲಾದ ಕೃತಿಗಳಲ್ಲಿ ಕನ್ನಡಿಗರಿಗೆ ತಿಳಿಯಹೇಳಿದವರು ಅವರು. ಏರುವ ನೀರಿನ ನಡುವೆ ಉಳಿದ ಗಣಪಯ್ಯ ನಾಗವೇಣಿಯರ ಮನೆಯು ಕನ್ನಡದ ಮನೆ. ಕಥೆಗಾರನ ಮನೆ ಕೊಂಕಣಿಯದು. ಸಿಗಂದೂರಿನ ಸುತ್ತಲಿನ ನೀರಿನ ಕಥೆಯನ್ನು ಈ ಸೀಮೆಯವರು ಓದಿದುದು ಹೀಗೆ ಬೇರೆ ಭಾಷೆಯ ಮನೆಯೊಂದರ ಕೊಡುಗೆಯಾಗಿ. ಘಟ್ಟದ ಕೆಳಗಿನ ನಡೆಯು ಘಟ್ಟದ ಮೇಲೆಯೂ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮಾಡತಕ್ಕುದೇನು? ಈ ಸಾಹಿತ್ಯವನ್ನು ಕಡೆಗಣಿಸುವುದಲ್ಲ. ಅದರ ಮೇಲಿನ ಸಾಲನ್ನು ಹುಡುಕಿ ತಂದು ಓದುವುದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಹೊರಬಂದಿದೆ. ಅಮೃತ ಸೋಮೇಶ್ವರರು, ವಿವೇಕ ರೈಗಳು ಮೊದಲಾದವರು ಪಾಡ್ದನಗಳನ್ನು ಕನ್ನಡ ಓದುಗರ ಮುಂದಿಟ್ಟಿದ್ದಾರೆ. 2010ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಶಾಲೆಗಳಲ್ಲಿ ತುಳುವನ್ನು ಐಚ್ಛಿಕವಾದ ಮೂರನೆಯ ಭಾಷೆಯಾಗಿ ಕಲಿಸಲು ಆರಂಭವಾಯಿತು. ಸಾಮಗ್ರಿಯು ಒದಗಿದೆ; ಘಟ್ಟದ ಮೇಲಿನ ಕನ್ನಡ ಪಾಠಪಟ್ಟಿಗಳಲ್ಲಿ ಅದಕ್ಕೆ ಎಡೆ ದೊರೆಯಬೇಕು. ‘ಚೋಮನ ದುಡಿ’ಯನ್ನು ಕಲಿಸುವ ಉಪಾಧ್ಯಾಯನು ಒಂದು ಪಾಡ್ದನದ ನಾಲ್ಕು ಸಾಲುಗಳನ್ನು ತುಳುವಿನಲ್ಲಿಯೇ ಮೊದಲು ಕೇಳಿಸಿ, ಅನಂತರ ಕನ್ನಡದಲ್ಲಿ ಅರ್ಥ ಹೇಳಿ, ಆಮೇಲೆ ಕಾದಂಬರಿಯನ್ನು ತೆರೆದರೆ ಚೋಮನು ಆಡದೆ ಉಳಿಸಿದ ಮಾತು ಮಕ್ಕಳ ಕಿವಿಗೆ ತಾಕೀತು. ತುಳು, ಕೊಂಕಣಿ, ಬ್ಯಾರಿ ಕೃತಿಗಳನ್ನು ಎದುರುಬದುರು ಪುಟಗಳಲ್ಲಿ ಕನ್ನಡದೊಡನೆ ಅಚ್ಚುಹಾಕುವ ಪದ್ಧತಿಯು ಬಳಕೆಗೆ ಬಂದರೆ ಕನ್ನಡಕ್ಕೆ ಹಾನಿಯಿಲ್ಲ.

ಸಂಸ್ಕೃತವು ತನ್ನ ನಾಟಕಗಳಲ್ಲಿ ಪ್ರಾಕೃತಗಳಿಗೆ ಮೇಲಿನ ಸಾಲನ್ನು ಬಿಟ್ಟುಕೊಟ್ಟು ತಾನು ಕೆಳಗೆ ನಿಂತಿತು. ಅದರಿಂದ ಸಂಸ್ಕೃತದ ಮಾನವು ಕುಂದಲಿಲ್ಲ. ನಾಲ್ಕಾರು ಭಾಷೆಗಳ ಮಕ್ಕಳು ಬಂದು ಕಟ್ಟಿಕೊಟ್ಟ ಕನ್ನಡಕ್ಕೆ ಅಷ್ಟು ಔದಾರ್ಯವು ಭಾರವಾಗಲಾರದು.